ಒಳಪುಟ ಖಾಲಿ ಬಿಡಿ

ನಾನು ಬೆಳೆಯುವ ಕಾಲಕ್ಕೆ ಕಾಸರಗೋಡು ಕಡೆಯ ನಮ್ಮ ಶಿರಿಯದ ಒಂದು ಮನೆಗೆ ಅಚ್ಚಿನ ಕೆಲಸ ಬೀಳುತ್ತಿದ್ದುದು ಮದುವೆಗೆ, ಗೃಹಪ್ರವೇಶಕ್ಕೆ, ಇಲ್ಲವಾದರೆ ಉತ್ತರಕ್ರಿಯೆಗೆ. ಊರಿನ ಲೆಕ್ಕಕ್ಕೆ ಇನ್ನೆರಡು ಸೇರುತ್ತಿದ್ದವು: ಜಾತ್ರೆಯ ಆಮಂತ್ರಣ ಮತ್ತು ಯಕ್ಷಗಾನದ ಹ್ಯಾಂಡ್‌ಬಿಲ್ಲು. ಇಷ್ಟು ಬಿಟ್ಟರೆ ಉಳಿದದ್ದೆಲ್ಲ ಕೈಯಲ್ಲೇ ಬರೆದದ್ದು. ಅಂಗಡಿಯ ಸಾಲದ ಚೀಟಿ, ತೆಂಗಿನಕಾಯಿಯ ಲೆಕ್ಕ, ಶಾಲೆಯ ರಜಾ ಅರ್ಜಿ, ಮುಂಬಯಿಯಲ್ಲಿ ಹೋಟೆಲಿಗೆ ಸೇರಿದವರಿಂದ ಬರುತ್ತಿದ್ದ ನೀಲಿ ಇನ್‌ಲ್ಯಾಂಡು. ಓದು ಬಾರದ ಅಜ್ಜಿಯಂದಿರು ಹೇಳಿದ್ದನ್ನು ಕಾಗದಕ್ಕಿಳಿಸುವುದು ಶಾಲೆಗೆ ಹೋಗುವ ಮಕ್ಕಳ ಕೆಲಸ. ಮನೆಯೊಳಗೆ ಕನ್ನಡ, ಅಂಗಳದಲ್ಲಿ ತುಳು, ಬಂದ್ಯೋಡಿನ ಅಂಗಡಿಯಲ್ಲಿ ಮಲಯಾಳ. ಆದರೆ ಅಜ್ಜಿ ತುಳುವಿನಲ್ಲಿ ಹೇಳಿದರೂ ನಾವು ಬರೆಯುತ್ತಿದ್ದುದು ಕನ್ನಡದಲ್ಲಿ. ಹಾಗೆ ದಿನವೂ ಕಣ್ಣೆದುರು ಬೀಳುತ್ತಿದ್ದ ಕೈಬರಹಕ್ಕೆ ಯಾರೂ ಬೆಲೆ ಕಟ್ಟುತ್ತಿರಲಿಲ್ಲ. ಗೌರವವೆಲ್ಲ ಅಚ್ಚಿಗೆ.

ಈಗ ಎರಡೂ ಜಾಗ ಬದಲಾಯಿಸಿಕೊಂಡಿವೆ. ಅಚ್ಚು ನಮ್ಮ ಮನೆಯ ಮೇಜಿನ ಮೇಲೆ ಬಂದು ಕೂತಿದೆ, ಅದೂ ಬಣ್ಣದಲ್ಲಿ. ಕನ್ನಡದ ಕೈಬರಹ ವರ್ಷಕ್ಕೊಮ್ಮೆ ಕಣ್ಣಿಗೆ ಬಿದ್ದರೆ ಹೆಚ್ಚು. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಉಡುಗೊರೆಯ ಜೊತೆ ಕೊಡುವ ಒಂದು ಕಾರ್ಡನ್ನು ಮನೆಯಲ್ಲೇ ಮಾಡುವವರು ಈ ಅದಲುಬದಲನ್ನು ಗಮನಿಸಿ ಮಾಡಬೇಕು ಎಂಬುದಷ್ಟೇ ನನ್ನ ಮಾತು. ಅಚ್ಚು ಎಲ್ಲಿ ನಿಲ್ಲಬೇಕು, ಕೈ ಎಲ್ಲಿ ಶುರುವಾಗಬೇಕು ಎಂಬ ಪ್ರಶ್ನೆ ಆಗಿನ ಕಾರ್ಡಿಗೂ ಇತ್ತು, ಈಗಿನದಕ್ಕೂ ಇದೆ.

ಮದುವೆ ಕಾಗದ ಅಚ್ಚು ಹಾಕಿಸಲು ಒಂದೋ ಕಾಸರಗೋಡು, ಇಲ್ಲವೆ ಮಂಗಳೂರು. ಅಪ್ಪನಿಗೆ ಮಂಗಳೂರೇ ಆಗಬೇಕು. ಅಲ್ಲಿನ ಪ್ರೆಸ್ಸುಗಳಲ್ಲಿ ಕನ್ನಡದ ಮೊಳೆಗಳು ಸವೆದಿರುವುದಿಲ್ಲ, ಒತ್ತಕ್ಷರ ಸರಿಯಾಗಿ ಮೂಡುತ್ತದೆ ಎಂದು ಅವರ ನಂಬಿಕೆ. ತಲಪಾಡಿ ದಾಟಿ, ನೇತ್ರಾವತಿಯ ಸೇತುವೆ ದಾಟಿ ಹೋಗುವ ಆ ಬಸ್ಸಿನಲ್ಲಿ ಅಪ್ಪನ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ಮದುವೆ ಕಾಗದದ ಒಕ್ಕಣೆ ಅದರಲ್ಲಿ, ಅವರದೇ ದುಂಡು ಅಕ್ಷರದಲ್ಲಿ.

ಪ್ರೆಸ್ಸಿನಲ್ಲಿ ನನಗೆ ಕುತೂಹಲ ಮೊಳೆ ಜೋಡಿಸುವವರ ಮೇಲೆ. ಓರೆಯಾಗಿ ನಿಲ್ಲಿಸಿದ ಮರದ ಕೇಸು, ಅದರ ತುಂಬ ಸಣ್ಣ ಸಣ್ಣ ಖಾನೆ. ಇಂಗ್ಲಿಷಿಗಾದರೆ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಎರಡು ಕೇಸಿನಲ್ಲಿ ಮುಗಿಯುತ್ತದೆ. ಕನ್ನಡಕ್ಕೆ ಕಾಗುಣಿತ ಬೇಕು, ಒತ್ತು ಬೇಕು, ಅರ್ಕಾವೊತ್ತು ಬೇಕು, ನೂರಾರು ಖಾನೆ. ಎಡಗೈಯಲ್ಲಿ ಸ್ಟಿಕ್ಕು ಹಿಡಿದು, ಕಣ್ಣು ಒಕ್ಕಣೆಯ ಮೇಲಿಟ್ಟು, ಬಲಗೈಯಿಂದ ಖಾನೆಯತ್ತ ನೋಡದೆಯೇ ಮೊಳೆ ಎತ್ತುತ್ತಿದ್ದರು. ಮೊಳೆಯ ಮುಖದಲ್ಲಿ ಅಕ್ಷರ ತಿರುವುಮುರುವು. ಅದನ್ನು ಹಾಗೆಯೇ ಸರಾಗವಾಗಿ ಓದುವ ಅವರ ಶಕ್ತಿಯನ್ನು ಕಂಡು ನಾನು ಮನೆಗೆ ಬಂದು ಕನ್ನಡಿಯ ಮುಂದೆ ಪುಸ್ತಕ ಹಿಡಿದು ಅಭ್ಯಾಸ ಮಾಡುತ್ತಿದ್ದೆ. ಜೋಡಿಸಿದ ಸಾಲುಗಳು ಗ್ಯಾಲಿಗೆ ಬಂದು, ಚೇಸಿನಲ್ಲಿ ಬಿಗಿದು, ಟ್ರೆಡಲ್ ಮಷೀನಿಗೆ ಏರುತ್ತಿದ್ದವು. ಕಾಲಿನಿಂದ ತುಳಿಯುತ್ತ ಒಂದು ಕೈಯಿಂದ ಕಾಗದ ಇಡುವುದು, ಇನ್ನೊಂದರಿಂದ ಅಚ್ಚಾದದ್ದನ್ನು ತೆಗೆಯುವುದು. ಮಷೀನು ಬಾಯಿ ಮುಚ್ಚುವ ಮೊದಲು ಎರಡೂ ಕೈ ಹೊರಗೆ ಬಂದಿರಬೇಕು.

ಅದಕ್ಕೂ ಮೊದಲು ಪ್ರೂಫು. ಒಂದು ತೆಳು ಕಾಗದದಲ್ಲಿ ಒತ್ತಿ ತೆಗೆದ ಒದ್ದೆ ಪ್ರತಿಯನ್ನು ಅಪ್ಪ ಬೆರಳಿಟ್ಟು ಎರಡೆರಡು ಸಲ ಓದುತ್ತಿದ್ದರು, ಒಮ್ಮೆ ಅಕ್ಷರಕ್ಕಾಗಿ, ಒಮ್ಮೆ ಹೆಸರುಗಳ ಹಿರಿತನಕ್ಕಾಗಿ. ಯಾರ ಹೆಸರು ಯಾರ ಕೆಳಗೆ ಬಂದಿತು ಎಂಬುದು ಮುದ್ರಾರಾಕ್ಷಸನ ಹಾವಳಿಗಿಂತ ದೊಡ್ಡ ಅಪಾಯ. ಬಣ್ಣ ಒಂದೇ, ಕುಂಕುಮ ಕೆಂಪು ಅಥವಾ ಕಡು ನೇರಳೆ. ಎರಡನೆಯ ಬಣ್ಣ ಬೇಕಾದರೆ ಅಷ್ಟೂ ಕಾಗದ ಇನ್ನೊಮ್ಮೆ ಮಷೀನಿಗೆ ಹೋಗಬೇಕು, ದರವೂ ಹಾಗೆಯೇ ಏರುತ್ತದೆ. ಚಿನ್ನದ ಅಕ್ಷರ ಬೇಕೆಂದವರಿಗೆ ಅಚ್ಚಾದ ಒಡನೆ ಹಸಿ ಶಾಯಿಯ ಮೇಲೆ ಕಂಚಿನ ಪುಡಿ ಉದುರಿಸಿ, ಹತ್ತಿಯಿಂದ ಒರೆಸಿ ಕೊಡುತ್ತಿದ್ದರು. ಕೆಲಸ ಮುಗಿದ ಮೇಲೆ ಮೊಳೆಗಳನ್ನು ತೊಳೆದು, ಬಿಚ್ಚಿ, ಆಯಾ ಖಾನೆಗೆ ಹಾಕಿಬಿಡುವುದು. ನಾಳೆ ಬೇರೆಯವರ ಮದುವೆಗೆ ಅವೇ ಮೊಳೆ ಬೇಕು. ಇನ್ನು ಹತ್ತು ಕಾಗದ ಸಾಲದೆ ಬಂದರೆ ಮತ್ತೆ ಮೊದಲಿನಿಂದ ಜೋಡಿಸಬೇಕು. ಆದ್ದರಿಂದ ಮಂಗಳೂರಿಗೆ ಹೊರಡುವ ಮೊದಲು ಮನೆಯಲ್ಲಿ ರಾತ್ರಿಗಟ್ಟಲೆ ಕೂತು ಕರೆಯಬೇಕಾದವರ ಲೆಕ್ಕ ಹಾಕುತ್ತಿದ್ದರು.

ಇಷ್ಟು ಶ್ರಮ ಇರುವಾಗ ಒಬ್ಬರಿಗೆ ಒಂದು ಶುಭಾಶಯದ ಕಾರ್ಡು ಅಚ್ಚು ಹಾಕಿಸುವ ಯೋಚನೆ ಯಾರಿಗೆ ಬಂದೀತು? ಆದರೂ ಅಂಥದೊಂದು ನಮ್ಮಲ್ಲಿತ್ತು. ವರನ ಗೆಳೆಯರೋ ವಧುವಿನ ಸೋದರಮಾವನೋ ಪದ್ಯ ಕಟ್ಟಬಲ್ಲ ಒಬ್ಬ ಮೇಷ್ಟರಿಂದ ಹಾರೈಕೆಯ ಪದ್ಯ ಬರೆಯಿಸಿ, ಗುಲಾಬಿ ಅಥವಾ ತಿಳಿ ಹಳದಿಯ ತೆಳು ಕಾಗದದಲ್ಲಿ ಹೂಬಳ್ಳಿಯ ಬಾರ್ಡರು ಹಾಕಿಸಿ, ಮದುವೆಯ ದಿನ ಹಂಚುವುದು. ಊಟಕ್ಕೆ ಎಲೆ ಹಾಕುವ ಮೊದಲು ಒಬ್ಬರು ಎದ್ದುನಿಂತು ರಾಗವಾಗಿ ಓದುತ್ತಿದ್ದರು; ಹೆಚ್ಚಾಗಿ ಭಾಮಿನಿ ಷಟ್ಪದಿ. ನಿವೃತ್ತರಾಗುವ ಮೇಷ್ಟರಿಗೆ ಇದೇ ಮರ್ಯಾದೆ ಬಿನ್ನವತ್ತಳೆಯ ರೂಪದಲ್ಲಿ, ಗಾಜು ಹಾಕಿಸಿ. ಅಂಥ ಹಾರೈಕೆಯ ಹಾಳೆಗಳು ಕೆಲವು ನನ್ನಲ್ಲಿವೆ. ಈಗ ಓದಿದರೆ ವಧೂವರರ ಹೆಸರು ತೆಗೆದು ಬೇರೆಯವರದ್ದು ಇಟ್ಟರೂ ಪದ್ಯಕ್ಕೆ ಏನೂ ಆಗುವುದಿಲ್ಲ. ಉಮಾ ಮಹೇಶ್ವರರು, ಸೀತಾ ರಾಮರು, ಹಾಲು ಜೇನು ಎಲ್ಲರ ಪಾಲಿಗೂ ಬಂದಿವೆ. ಹಳೆಯ ಕಾಲದ ಹಾರೈಕೆಯಲ್ಲಿ ಮನಸ್ಸು ಹೆಚ್ಚಿತ್ತು ಎಂದು ಹೇಳುವವರಿಗೆ ಆ ಹಾಳೆಗಳನ್ನು ತೋರಿಸಬಲ್ಲೆ. ಅಲ್ಲಿ ಇದ್ದದ್ದು ಗೌರವ. ನಿಮ್ಮ ಹೆಸರು ಅಚ್ಚಾಗಿ ಬಂತಲ್ಲ, ಅದೇ ಉಡುಗೊರೆ. ಮಾತು ಯಾರದ್ದಾದರೂ ಆದೀತು.

ಒಬ್ಬರಿಗಾಗಿಯೇ ಬರೆದ ಮಾತು ಬೇರೆ ಕಡೆ ಇರುತ್ತಿತ್ತು, ಪಾತ್ರೆಯ ಮೇಲೆ. ಮದುವೆಗೆ ಸ್ಟೀಲಿನ ಡಬ್ಬಿಯೋ ಹಿತ್ತಾಳೆಯ ಕೊಡಪಾನವೋ ಕೊಂಡರೆ ಅಂಗಡಿಯಲ್ಲೇ ಹೆಸರು ಹಾಕಿಸುವುದು ಕ್ರಮ. ಮೊದಲು ಉಳಿ ಮತ್ತು ಸಣ್ಣ ಸುತ್ತಿಗೆ, ಚುಕ್ಕಿ ಚುಕ್ಕಿಯಾಗಿ. ಆಮೇಲೆ ಕರೆಂಟಿನ ಯಂತ್ರ ಬಂತು. ಪೆನ್ನಿನ ಹಾಗೆ ಹಿಡಿದು ನೇರ ಲೋಹದ ಮೇಲೆ ಬರೆಯುವುದು. ನಮ್ಮ ಅಡುಗೆಮನೆಯ ಪಾತ್ರೆಗಳ ಕಂಠದ ಸುತ್ತ ಹೀಗೆ ಬರೆದದ್ದು ಈಗಲೂ ಓದಬಹುದು: ಯಾರ ಮದುವೆಗೆ, ಯಾರಿಂದ, ಯಾವ ತಾರೀಕು. ಕೆಲವದರಲ್ಲಿ ಊರಿನ ಹೆಸರೂ ಇದೆ. ಒಂದು ಬೋಗುಣಿಯಲ್ಲಿ ಕನ್ನಡ, ಮತ್ತೊಂದು ಬಿಂದಿಗೆಯಲ್ಲಿ ಮಲಯಾಳ. ಕೆತ್ತಿದವನಿಗೆ ಯಾವುದು ಬರುತ್ತಿತ್ತೋ ಅದು. ಅಮ್ಮನ ಮದುವೆಗೆ ಬಂದ ಒಂದು ಡಬ್ಬಿಯ ಮೇಲೆ ‘ಅಕ್ಕನಿಗೆ ತಮ್ಮಂದಿರಿಂದ’ ಎಂದಿದೆ. ಪದ್ಯ ಇಲ್ಲ, ದೇವರ ಹೆಸರಿಲ್ಲ. ಕೊಟ್ಟವರು ಯಾರು, ಪಡೆದವಳು ಅವರಿಗೆ ಏನಾಗಬೇಕು ಎಂಬುದು ಎರಡು ಶಬ್ದದಲ್ಲಿ ಮುಗಿದಿದೆ. ಉಪ್ಪು ಹುಣಸೆ ಹಚ್ಚಿ ಇಷ್ಟು ವರ್ಷ ತಿಕ್ಕಿದರೂ ಅಕ್ಷರ ಹೋಗಿಲ್ಲ.

ಇನ್ನೊಂದು ಮುಯ್ಯಿಯ ಪುಸ್ತಕ. ಚಪ್ಪರದ ಒಂದು ಮೂಲೆಯಲ್ಲಿ ಲೆಕ್ಕ ಬಲ್ಲವರೊಬ್ಬರು ಕೂತು, ಬಂದ ಲಕೋಟೆಗಳನ್ನು ಬಿಡಿಸಿ ಹೆಸರು ಮತ್ತು ಮೊತ್ತ ಬರೆದುಕೊಳ್ಳುತ್ತಿದ್ದರು. ಅದು ಕೊಟ್ಟುಕೊಳ್ಳುವ ಲೆಕ್ಕ. ಅವರ ಮನೆಯ ಮದುವೆಗೆ ತಿರುಗಿ ಹಾಕಬೇಕು. ಮದುವೆ ಕಾಗದಗಳಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲು ಬರತೊಡಗಿದ ಮೇಲೆ ಕೆಲವು ಮನೆಗಳಲ್ಲಿ ಆ ಪುಸ್ತಕ ನಿಂತಿತು. ಆ ಸಾಲು ಒಳ್ಳೆಯದೇ. ಆದರೆ ಅದನ್ನು ಹಾಕಿಸಿದವರು ಆಶೀರ್ವಾದ ಬರೆಯಲು ಒಂದು ಪುಸ್ತಕವನ್ನೂ ಅದೇ ಮೂಲೆಯಲ್ಲಿ ಇಟ್ಟಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸುವುದುಂಟು.

ಅಚ್ಚು ಮತ್ತು ಕೈಬರಹ ಬೇರೆ ಬೇರೆ ಎಂದು ನಾವು ತಿಳಿದಿದ್ದೇವೆ. ಶುರುವಿನಲ್ಲಿ ಹಾಗಿರಲಿಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದರು; ಕನ್ನಡದ ಮೊದಲ ಪತ್ರಿಕೆ. ಅದು ಮೊಳೆಯ ಅಚ್ಚಲ್ಲ, ಕಲ್ಲಚ್ಚು. ಜಿಡ್ಡಿನ ಶಾಯಿಯಲ್ಲಿ ಕೈಯಿಂದ ಬರೆದ ಅಕ್ಷರವೇ ಕಲ್ಲಿನ ಮೇಲೆ ನಿಲ್ಲುತ್ತದೆ. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಎಣ್ಣೆ ಶಾಯಿಯ ರೋಲರು ಉರುಳಿಸಿದರೆ ಒದ್ದೆ ಕಲ್ಲು ಶಾಯಿ ಹಿಡಿಯುವುದಿಲ್ಲ, ಬರೆದ ಗೆರೆ ಮಾತ್ರ ಹಿಡಿಯುತ್ತದೆ. ಅಂದರೆ ಕನ್ನಡದ ಮೊದಲ ಪತ್ರಿಕೆಯನ್ನು ಓದಿದವರು ಓದಿದ್ದು ಒಬ್ಬರ ಕೈಯಕ್ಷರವನ್ನು. ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬವರು ಕ್ರಿಸ್‌ಮಸ್ಸಿಗೆ ಗೆಳೆಯರಿಗೆಲ್ಲ ಕಾಗದ ಬರೆಯಲು ಪುರುಸೊತ್ತಿಲ್ಲವೆಂದು ಚಿತ್ರಕಾರ ಜಾನ್ ಹಾರ್ಸ್‌ಲಿಯವರಿಂದ ಚಿತ್ರ ಬರೆಯಿಸಿ ಒಂದು ಕಾರ್ಡು ಮಾಡಿಸಿದರು. ವ್ಯಾಪಾರಕ್ಕೆಂದು ಅಚ್ಚಾದ ಮೊದಲ ಕ್ರಿಸ್‌ಮಸ್ ಕಾರ್ಡು ಅದೇ. ಅದೂ ಕಲ್ಲಚ್ಚು, ಬಣ್ಣ ಕೈಯಿಂದ ತುಂಬಿದ್ದು. 1000 ಪ್ರತಿ, ಒಂದಕ್ಕೆ 1 ಶಿಲ್ಲಿಂಗ್. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬಿಟ್ಟ ಜಾಗ. ಮೇಲೆ ಯಾರಿಗೆ, ಕೆಳಗೆ ಯಾರಿಂದ ಎಂಬಲ್ಲಿ ಖಾಲಿ ಗೆರೆ. ಬರೆಯಲು ಪುರುಸೊತ್ತಿಲ್ಲದೆ ಅಚ್ಚು ಹಾಕಿಸಿದವರೂ ಹೆಸರನ್ನು ಕೈಗೇ ಬಿಟ್ಟರು.

ನಮ್ಮ ಮನೆ ಇದ್ದಲ್ಲೇ ಇದೆ. ಲಕೋಟೆಯ ಮೇಲಿನ ವಿಳಾಸ ಮಾತ್ರ ಬದಲಾಗುತ್ತ ಬಂತು. ಅಜ್ಜನಿಗೆ ಬಂದ ಕಾಗದಗಳಲ್ಲಿ ಸೌತ್ ಕೆನರಾ, ಮದ್ರಾಸು. 1956ರ ನವೆಂಬರ್ 1ರ ಮೇಲೆ ಕೇರಳ. 1957ರಿಂದ ಕಣ್ಣಾನೂರು ಜಿಲ್ಲೆ. 1972ರ ಆಗಸ್ಟ್ 15ರಿಂದ ಆರು ಅಂಕಿಯ ಪಿನ್ ಕೋಡು. 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ, 2014ರಿಂದ ಮಂಜೇಶ್ವರ ತಾಲೂಕು. ತಾರೀಕು ಹಾಕದ ಶುಭಾಶಯಗಳನ್ನು ನಾನು ಲಕೋಟೆ ನೋಡಿ ವರ್ಷದ ಅಂದಾಜಿನಲ್ಲಿ ಜೋಡಿಸಿಟ್ಟಿದ್ದೇನೆ. ಕೇರಳಕ್ಕೆ ಸೇರಿದ ಮೇಲೂ ಬಂಧುಗಳು ಹಲವರು ಹಳೆಯ ಚಾಳಿಯಲ್ಲಿ ಸೌತ್ ಕೆನರಾ ಎಂದೇ ಬರೆಯುತ್ತಿದ್ದರು. ಕಾಗದ ಬಂದು ತಲುಪುತ್ತಿತ್ತು.

ಮದುವೆಗೆ ಬರಲಾಗದವರು ತಂತಿ ಕಳಿಸುತ್ತಿದ್ದರು. ಶುಭಾಶಯದ ವಾಕ್ಯಗಳದ್ದೊಂದು ಪಟ್ಟಿ ಅಂಚೆ ಕಚೇರಿಯಲ್ಲಿತ್ತು, ಒಂದೊಂದು ವಾಕ್ಯಕ್ಕೆ ಒಂದೊಂದು ಅಂಕಿ. ಅಂಕಿ ಬರೆದುಕೊಟ್ಟರೆ ಸಾಕು, ಆ ಕಡೆಯಲ್ಲಿ ಪೂರ್ತಿ ವಾಕ್ಯ ಆಗುತ್ತಿತ್ತು. ಸಿದ್ಧ ಮಾತನ್ನು ಮುಂದಕ್ಕೆ ದೂಡುವುದು ಮೊಬೈಲು ಕಲಿಸಿದ್ದಲ್ಲ. 2013ರ ಜುಲೈಯಲ್ಲಿ ತಂತಿ ಸೇವೆಯೇ ಮುಗಿಯಿತು.

ಅಂಗಡಿಯ ಕಾರ್ಡುಗಳ ಕಾಲ ಎಂಬತ್ತರ ದಶಕದಿಂದ. ಹೊಸ ವರ್ಷ ಹತ್ತಿರ ಬಂದಾಗ ಕುಂಬಳೆ, ಉಪ್ಪಳದ ಫ್ಯಾನ್ಸಿ ಅಂಗಡಿಗಳಲ್ಲಿ ದಾರ ಕಟ್ಟಿ ನೇತುಹಾಕುತ್ತಿದ್ದರು: ಗುಲಾಬಿ, ಹಿಮದ ಬೆಟ್ಟ, ಸಿನೆಮಾ ನಟರು. ಲಕೋಟೆ ಅಂಟಿಸದೆ ಬುಕ್‌ಪೋಸ್ಟಿನಲ್ಲಿ ಹಾಕಿದರೆ ಅಂಚೆಗೂ ಕಡಮೆ. ಕೊಲ್ಲಿಗೆ ಹೋದವರ ಮನೆಗೆ ಬರುತ್ತಿದ್ದವು ಬೇರೆಯೇ ತರ. ದಪ್ಪ, ನುಣುಪು, ತೆರೆದರೆ ಸಂಗೀತ ಹೊಮ್ಮುವಂಥವು. ನೆರೆಮನೆಯ ಹುಡುಗ ಶಾರ್ಜದಿಂದ ಕಳಿಸಿದ ಅಂಥದೊಂದನ್ನು ಓಣಿಯ ಮಕ್ಕಳೆಲ್ಲ ತೆರೆದು ಮುಚ್ಚಿ ಎರಡು ದಿನದಲ್ಲಿ ಅದರ ಬ್ಯಾಟರಿ ಮುಗಿಸಿದೆವು. ಒಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಅಚ್ಚು, ಅಡಿಯಲ್ಲಿ ಅವನ ಸಹಿ. ಆ ಕಾರ್ಡುಗಳಲ್ಲಿ ಬರೆಯಲು ಜಾಗವೂ ಇರಲಿಲ್ಲ, ಬರೆದರೆ ಪೆನ್ನು ಹಿಡಿಯುತ್ತಲೂ ಇರಲಿಲ್ಲ. ಅಚ್ಚು ಮಾತನ್ನು ಪೂರ್ತಿ ತಾನೇ ತೆಗೆದುಕೊಂಡದ್ದು ಆಗ.

ಕಂಪ್ಯೂಟರಿನ ಕಥೆ ಬೇಗ ಹೇಳಿಬಿಡುತ್ತೇನೆ. ತೊಂಬತ್ತರ ದಶಕದಲ್ಲಿ ಡಿಟಿಪಿ ಅಂಗಡಿಗಳು ಬಂದವು, ಮೊಳೆಗಳು ತೂಕಕ್ಕೆ ಹೋದವು. ಮದುವೆ ಕಾಗದ ಸ್ಕ್ರೀನ್ ಪ್ರಿಂಟಿಂಗಿಗೆ ತಿರುಗಿತು. ಕನ್ನಡವನ್ನು ಕೀಲಿಮಣೆಗೆ ಹೊಂದಿಸಿದ ಕೆ. ಪಿ. ರಾವ್ ನಮ್ಮ ಕರಾವಳಿಯ ಕಿನ್ನಿಕಂಬಳದವರು. ನಾವು ಇಂದು ಒತ್ತುವ ಕೀಲಿಗಳ ಜೋಡಣೆ ಅವರದು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂದ ಮೇಲೆ ಮನೆಯಲ್ಲಿ ಕೂತು ಕನ್ನಡ ಟೈಪು ಮಾಡುವುದು ಸಾಧ್ಯವಾಯಿತು. ಆದರೆ ನಮ್ಮ ಕಂಪ್ಯೂಟರಿನಲ್ಲಿ ಮಾಡಿದ ಕಡತವನ್ನು ಪ್ರಿಂಟಿಗೆಂದು ಪೇಟೆಗೆ ಒಯ್ದರೆ ಅಲ್ಲಿ ಆ ಅಕ್ಷರಶೈಲಿ ಇಲ್ಲದೆ ಕನ್ನಡವೆಲ್ಲ ಇಂಗ್ಲಿಷಿನ ಚೂರುಪಾರು ಗುರುತುಗಳಾಗಿ ಕಾಣುತ್ತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅಕ್ಷರ ಬಂದು, ಯೂನಿಕೋಡು ಬಳಕೆಗೆ ಇಳಿದು, ಆ ತೊಂದರೆ ನಿಧಾನವಾಗಿ ಹೋಯಿತು. ಈಗಲೂ ಹಳೆಯ ತಂತ್ರಾಂಶದಲ್ಲಿ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತುಬಿಡುವುದುಂಟು. ಮದುವೆ ಮಂಟಪದ ಫ್ಲೆಕ್ಸುಗಳಲ್ಲಿ ಹಾಗೆ ಮುರಿದ ಹೆಸರು ಕಂಡರೆ ನನಗೆ ಸಹಿಸಲಾಗುವುದಿಲ್ಲ. ಮೊಳೆಯ ಕಾಲದಲ್ಲಿ ಯಾವ ಪ್ರೆಸ್ಸಿನವರೂ ಅದನ್ನು ಹೊರಗೆ ಬಿಡುತ್ತಿರಲಿಲ್ಲ.

ಮನೆಗೆ ಪ್ರಿಂಟರು ಬಂದದ್ದು ತಂಗಿಯ ಮಗಳ ಓದಿಗಾಗಿ. ಶಾಯಿ ತುಂಬಿಸುವ ಟ್ಯಾಂಕಿನದು. ಅದರಲ್ಲಿ ಕಾರ್ಡು ಮಾಡುವ ಯೋಚನೆ ಬಂದುದು ಒಂದು ಉಡುಗೊರೆಯಿಂದ. ಬೆಂಗಳೂರಿನಲ್ಲಿರುವ ಬಂಧುವೊಬ್ಬರ ಮಗುವಿನ ನಾಮಕರಣಕ್ಕೆ ಮೊಬೈಲಿನಲ್ಲೇ ಒಂದು ತೊಟ್ಟಿಲು ಕೊಂಡು ಕಳಿಸಿದೆವು. ‘ಸಂದೇಶ’ ಎಂಬ ಚೌಕದಲ್ಲಿ ಟೈಪು ಮಾಡಿದ ನಮ್ಮ ಹಾರೈಕೆ ಅವರಿಗೆ ತಲುಪಿದ್ದು ಬಿಲ್ಲಿನಂಥ ಒಂದು ಚೀಟಿಯಲ್ಲಿ, ಬೆಲೆಯ ಕೋಡುಗಳ ನಡುವೆ. ಅವರು ತೊಟ್ಟಿಲಿಗೆ ವಂದನೆ ಹೇಳಿದರು. ಚೀಟಿ ಪೆಟ್ಟಿಗೆಯ ಜೊತೆ ಕಸಕ್ಕೆ ಹೋಗಿತ್ತು. ಅಂದಿನಿಂದ ಉಡುಗೊರೆ ಯಾವ ದಾರಿಯಿಂದ ಹೋದರೂ ಕಾರ್ಡು ಬೇರೆಯಾಗಿ, ನಮ್ಮ ಕೈಯಿಂದ ಎಂದು ಮನೆಯಲ್ಲಿ ನಿಶ್ಚಯವಾಯಿತು.

ಮಾಡುವ ಕ್ರಮ ಸುಲಭ. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಅಡ್ಡ ಇಟ್ಟು ನಡುವೆ ಮಡಚಿದರೆ 148.5 ಮಿ.ಮೀ. ಅಗಲ, 210 ಮಿ.ಮೀ. ಎತ್ತರದ ಕಾರ್ಡು. ಹೊರಮೈಯ ಬಲ ಅರ್ಧ ಮುಖಪುಟ, ಎಡ ಅರ್ಧ ಹಿಂಪುಟ. ಎರಡೂ ಒಂದೇ ಬದಿಯಲ್ಲಿ ಒಂದೇ ಸಲಕ್ಕೆ ಅಚ್ಚಾಗುತ್ತವೆ. ಅಂಚಿನಲ್ಲಿ ಕೆಲವು ಮಿಲಿಮೀಟರು ಪ್ರಿಂಟರು ಮುಟ್ಟುವುದಿಲ್ಲ, ಆದ್ದರಿಂದ ತುದಿಯವರೆಗೆ ಬಣ್ಣ ತುಂಬುವ ಚಿತ್ರ ಬೇಡ. ಸುತ್ತ ಬಿಳಿ ಬಿಟ್ಟ ಚಿತ್ರ ಚೆನ್ನಾಗಿಯೂ ಕಾಣುತ್ತದೆ.

ಕಾಗದದ ವಿಷಯದಲ್ಲಿ ಅವಸರ ಮಾಡಬಾರದು. ನಾವು ದಿನವೂ ಬಳಸುವ 70, 80 ಜಿಎಸ್‌ಎಮ್ ಹಾಳೆ ಕಾರ್ಡಾಗಿ ನಿಲ್ಲುವುದಿಲ್ಲ. 300 ಜಿಎಸ್‌ಎಮ್ ಆದರೆ, ಮುಂದಿನ ತಟ್ಟೆಯಿಂದ ಕಾಗದ ಎಳೆದು ಒಳಗೆ ಪೂರ್ತಿ ಸುತ್ತಿಸುವ ಪ್ರಿಂಟರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂದಿನಿಂದ ಇಳಿಸುವ ಪ್ರಿಂಟರಿಗಾದರೆ ಇನ್ನಷ್ಟು ದಪ್ಪ ನಡೆದೀತು. 200ರಿಂದ 220ರ ಆಸುಪಾಸು ನಮಗೆ ಸರಿಬಂತು. ಫೋಟೋ ಕಾಗದದಲ್ಲಿ ಚಿತ್ರ ಹೊಳೆಯುತ್ತದೆ, ಆದರೆ ಅದರ ಲೇಪದ ಮೇಲೆ ಬಾಲ್‌ಪೆನ್ನು ಜಾರುತ್ತದೆ, ಜೆಲ್ ಪೆನ್ನಿನ ಶಾಯಿ ಒಣಗದೆ ಕೈಗೆ ಹತ್ತುತ್ತದೆ. ಕಾರ್ಡಿನ ಕಾಗದವನ್ನು ಆರಿಸಬೇಕಾದದ್ದು ಪೆನ್ನು ಹಿಡಿದು. ಪ್ರಿಂಟರು ಆಮೇಲೆ ಹೊಂದಿಕೊಳ್ಳಲಿ. ಹೊಳಪಿಲ್ಲದ ಗಟ್ಟಿ ಕಾಗದದ ಒಂದು ತುಂಡಿನಲ್ಲಿ ಮನೆಯ ಪೆನ್ನುಗಳಿಂದೆಲ್ಲ ಬರೆದು, ಹೆಬ್ಬೆರಳಿನಿಂದ ಒರೆಸಿ ನೋಡಿದರೆ ತಿಳಿದುಹೋಗುತ್ತದೆ.

ಕಾಗದಕ್ಕೆ ಮರದ ಹಾಗೆ ಎಳೆಯಿದೆ. ಎಳೆಯ ಉದ್ದಕ್ಕೆ ಮಡಚಿದರೆ ನೀಟಾಗಿ ಬಗ್ಗುತ್ತದೆ, ಅಡ್ಡಕ್ಕೆ ಮಡಚಿದರೆ ಬೆನ್ನಿನಲ್ಲಿ ಬಿರಿಯುತ್ತದೆ. ಪೇಟೆಯ ಎ4 ಹಾಳೆಗಳಲ್ಲಿ ಹೆಚ್ಚಿನವಕ್ಕೆ ಎಳೆ ಉದ್ದಕ್ಕೆ ಇರುವುದರಿಂದ ನಡುವೆ ಮಡಚುವಾಗ ನಾವು ಎಳೆಗೆ ಅಡ್ಡ ಹೋಗುತ್ತೇವೆ. ಹಾಗಾಗಿ ಮೊದಲು ಸ್ಕೇಲು ಇಟ್ಟು, ಶಾಯಿ ಮುಗಿದ ರೀಫಿಲ್ಲಿನ ತುದಿಯಿಂದ ಒಂದು ಗೀರು ಎಳೆದು, ಆಮೇಲೆ ಮಡಚಬೇಕು. ಮಳೆಗಾಲದಲ್ಲಿ ಇನ್ನೊಂದು ಗೋಳು. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಸುರಿಯುವ ನಮ್ಮ ಕಡೆ ಜೂನ್ ತಿಂಗಳಲ್ಲಿ ಬಿಚ್ಚಿಟ್ಟ ಕಾಗದ ಸುರುಳಿಯಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಬ್ಬಿಣದ ಕಪಾಟಿನಲ್ಲಿ ಇಡುವುದೇ ದಾರಿ. ನಮ್ಮ ಪ್ರಿಂಟರಿನಲ್ಲಿ ಕಪ್ಪು ಶಾಯಿ ಪಿಗ್ಮೆಂಟಿನದು, ನೀರಿಗೆ ಜಗ್ಗುವುದಿಲ್ಲ. ಬಣ್ಣಗಳು ಡೈ, ಹನಿ ಬಿದ್ದರೆ ಹರಡುತ್ತವೆ. ಆದ್ದರಿಂದ ಹೆಸರು ಯಾವಾಗಲೂ ಕಪ್ಪಿನಲ್ಲಿ, ಬಣ್ಣ ಹೂವಿಗೆ ಮಾತ್ರ.

ಒಳಪುಟದಲ್ಲಿ ನಾವು ಅಚ್ಚು ಹಾಕುವುದು ಒಂದನ್ನೇ: ಗೆರೆ. ಕಂಡೂ ಕಾಣದ ತಿಳಿ ಬೂದು ಬಣ್ಣದ ಗೆರೆಗಳು, ನಡುವೆ 12 ಮಿ.ಮೀ. ಅಂತರ. ಇಂಗ್ಲಿಷಿನ ನೋಟ್‌ಪುಸ್ತಕದ ಅಂತರ ಕನ್ನಡಕ್ಕೆ ಸಾಲುವುದಿಲ್ಲ. ನಮ್ಮ ಅಕ್ಷರಕ್ಕೆ ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. ಎರಡಕ್ಕೂ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಮುಟ್ಟುತ್ತದೆ. ಮೇಲೆ ಕೆಳಗೆ ಅಂಚು ಬಿಟ್ಟರೆ ಪುಟಕ್ಕೆ 13 ಸಾಲು ಬರುತ್ತದೆ. ಹಾಳೆಯನ್ನು ಮಗುಚುವಾಗ ಗಿಡ್ಡ ಅಂಚಿನ ಮೇಲೆ ಮಗುಚಬೇಕು, ಇಲ್ಲವಾದರೆ ಒಳಗಿನದು ತಲೆಕೆಳಗು. ಗೆರೆ ಇದ್ದರೆ ಬರೆಯಲು ಹೆದರುವವರೂ ಬರೆಯುತ್ತಾರೆ. ಅಚ್ಚು ಕೈಗೆ ಮಾಡಬಹುದಾದ ಸಹಾಯ ಅಷ್ಟು ಸಾಕು.

ಮುಖಪುಟಕ್ಕೆ ನಾನು ಅಪ್ಪನ ಒಂದು ಇನ್‌ಲ್ಯಾಂಡಿನಿಂದ ‘ಆಶೀರ್ವಾದಗಳು’ ಎಂಬ ಒಂದು ಶಬ್ದ ತೆಗೆದುಕೊಂಡೆ. ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನು ಮಾಡಿ, ಹಿಂದಿನ ನೀಲಿಯನ್ನು ತೆಗೆದು, ಕಪ್ಪಿನಲ್ಲಿ ದೊಡ್ಡದು ಮಾಡಿದರೆ ಅವರ ದುಂಡು ಅಕ್ಷರ ಕಲ್ಲಚ್ಚಿನಷ್ಟು ಚೆನ್ನಾಗಿ ಬಂತು. ಮನೆಯವರಿಗೆ ಕೊಡುವ ಕಾರ್ಡುಗಳಿಗೆ ಅದೇ. ಹಿರಿಯರ ಕೈಬರಹ ಇರುವವರು ಹೀಗೆ ಮಾಡಬಹುದು. ಕೈಬರಹದ ಹಾಗೆ ಕಾಣುವ ಫಾಂಟುಗಳನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದರಲ್ಲಿ ಪ್ರತಿಯೊಂದು ‘ಕ’ವೂ ಒಂದೇ ತರ ಇರುತ್ತದೆ, ಅಂಥ ಕೈ ಯಾರಿಗೂ ಇಲ್ಲ.

ಕಳೆದ ವರ್ಷ ನೆರೆಮನೆಯ ಹುಡುಗಿಯ ನಿಕಾಹ್. ಸಂಗೀತದ ಕಾರ್ಡು ಕಳಿಸಿದ್ದ ಹುಡುಗನ ಅಣ್ಣನ ಮಗಳು ಅವಳು. ಉಡುಗೊರೆಗೆ ಪಿಂಗಾಣಿ ತಟ್ಟೆಗಳ ಸೆಟ್ಟು ತಂದಾಗಿತ್ತು. ಮುಖಪುಟಕ್ಕೆ ಮಲ್ಲಿಗೆಯ ಚಿತ್ರ, ಇಬ್ಬರ ಹೆಸರು. ಒಳಪುಟ ತಂಗಿಯ ಮಗಳೇ ಬರೆಯಬೇಕು ಎಂದೆ. ಅವಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು, ಮಲಯಾಳ ಶಾಲೆಯಲ್ಲಿ ಕಲಿತದ್ದು, ಕನ್ನಡ ಮನೆಯಲ್ಲಿ.

“ಮಾವ, ಎಂತ ಬರೆಯುವುದು? ಗೂಗಲ್ಲಿನಲ್ಲಿ ನೋಡಲಾ?”

“ಬೇಡ. ಅವಳು ನಿನಗೆ ಹೇಗೆ ಗುರ್ತ?”

“ಹೇಗೆ ಅಂದ್ರೆ ಎಂತದು? ಕುಂಬಳೆಗೆ ಒಟ್ಟಿಗೇ ಬಸ್ಸಲ್ಲಿ ಹೋಗ್ತಿದ್ದದ್ದಲ್ವಾ. ಸೀಟಿಗೆ ಬ್ಯಾಗು ಇಟ್ಟು ಕಾಯ್ತಿದ್ದಳು.”

“ಅದನ್ನೇ ಬರಿ.”

ಅವಳು ಮೊದಲು ಹಾಳೆಯಲ್ಲಿ ಬರೆದುಕೊಂಡಳು. ‘ಮಳೆ’ಯ ‘ಳ’, ‘ಹತ್ತು’ವಿನ ಒತ್ತು ಹೇಗೆಂದು ಕೇಳಿದಳು, ಉಳಿದದ್ದು ತಾನೇ ಬರೆದಳು. ಶಿರಿಯ ಸೇತುವೆಯ ಮೇಲೆ ಬಸ್ಸು ನಿಂತುಹೋದದ್ದು, ಒಂದು ಕೊಡೆಯಲ್ಲಿ ಇಬ್ಬರು ನಡೆದದ್ದು, ಪರೀಕ್ಷೆಯ ದಿನ ಪೆನ್ನು ಕೊಟ್ಟದ್ದು, ಎಂಟು ಸಾಲು. ಕೊನೆಗೆ ಎರಡು ಸಾಲು ಮಲಯಾಳದಲ್ಲಿ, ಹುಡುಗಿಯ ಉಮ್ಮ ಓದಲೆಂದು. ಅಕ್ಷರಗಳು ಒಂದು ದೊಡ್ಡದು ಒಂದು ಸಣ್ಣದು. ತಿದ್ದಿ ಇನ್ನೊಂದು ಪ್ರತಿ ಮಾಡುತ್ತೇನೆ ಎಂದವಳನ್ನು ನಾನು ತಡೆದೆ. ತಾರೀಕು, ವರ್ಷ, ಊರು ಹಾಕಬೇಕು ಎಂದು ಮಾತ್ರ ಹಟ ಹಿಡಿದೆ. ಪಕ್ಕದ ಮನೆಗೆ ಕೊಡುವುದಕ್ಕೆ ಊರಿನ ಹೆಸರು ಯಾಕೆ ಎಂದು ಅವಳ ವಾದ. ಮದುವೆಯಾಗಿ ಹೋಗುವವಳು ಅವಳು, ಕಾರ್ಡು ಅವಳ ಜೊತೆ ಹೋಗುತ್ತದೆ ಎಂದೆ.

ನಿಕಾಹ್ ಮುಗಿದು ವಾರದೊಳಗೆ ಶಾರ್ಜದಿಂದ ಅದೇ ಹಳೆಯ ಹುಡುಗನ ಫೋನು. ಈಗ ಅವನಿಗೂ ಗಡ್ಡ ಬೆಳ್ಳಗಾಗಿದೆ. ಮನೆಯವರು ಕಾರ್ಡಿನ ಒಳಪುಟದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದರಂತೆ. ಅವನು ನಮ್ಮೊಟ್ಟಿಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಅವನ ಮಕ್ಕಳಿಗೆ ಕನ್ನಡ ಬಾರದು, ಅವನೇ ಓದಿ ಮಲಯಾಳದಲ್ಲಿ ಹೇಳಿದನಂತೆ. “ಯಾರು ಮಾರಾಯಾ ಇದನ್ನು ಬರೆದದ್ದು?” ಎಂದು ಕೇಳಿದ. ಹೇಳಿದೆ. ಮರುದಿನ ಅವನಿಂದ ಒಂದು ಫೋಟೋ ಬಂತು: ಅಂಗಡಿಯ ಬಿಲ್ಲುಪುಸ್ತಕದ ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆದ ಕನ್ನಡ, ನನ್ನ ತಂಗಿಯ ಮಗಳ ಹೆಸರಿಗೆ, ಪುಟ ತುಂಬ.

ಅವಳಿಗೆ ಈಗ 13 ಸಾಲು ಸಾಲುವುದಿಲ್ಲ. ಎ3 ಹಾಳೆಯನ್ನು ಮಡಚಿ ಮಾಡಿದರೆ ಒಳಗೆ ಎ4 ಅಳತೆಯ ಎರಡು ಪುಟ ಸಿಗುತ್ತದಲ್ಲ ಎಂದು ಲೆಕ್ಕ ಹಾಕಿದ್ದಾಳೆ. ನಮ್ಮ ಪ್ರಿಂಟರಿಗೆ ಎ3 ಹೋಗುವುದಿಲ್ಲ. ಹೆದ್ದಾರಿ ಅಗಲ ಮಾಡುವಾಗ ಬದಿಯ ಅಂಗಡಿಗಳು ಎಷ್ಟೋ ಹೋದವು. ಉಳಿದವರಲ್ಲಿ ಯಾರ ಹತ್ತಿರ ಎ3 ಮಷೀನು ಇದೆ, 220 ಜಿಎಸ್‌ಎಮ್ ಕಾಗದ ನಾವೇ ಕೊಟ್ಟರೆ ಹಾಕಿಕೊಡುತ್ತಾರೋ ಎಂದು ಉಪ್ಪಳಕ್ಕೆ ಹೋಗಿ ವಿಚಾರಿಸಬೇಕು.